ಹುಲ್ಲು, ಹುಲ್ಲೆ, ಹುಲಿ

ಗೋವಿನ ಹಾಡನ್ನು ತರಗತಿಯಲ್ಲಿ ಹೇಳದ ಕನ್ನಡ ಪಂಡಿತನಿಲ್ಲ; ಅದನ್ನು ಕೇಳಿ ಕಣ್ಣು ಒದ್ದೆಮಾಡಿಕೊಳ್ಳದ ಮಗುವೂ ಇಲ್ಲವೆಂದು ನಾನು ಬಹುಕಾಲ ನಂಬಿದ್ದೆ. ಕೆಲವು ವರ್ಷಗಳ ಹಿಂದೆ ಕಾಡಿನ ಅಂಚಿನ ಒಂದು ಪ್ರೌಢಶಾಲೆಯಲ್ಲಿ ನಾನು ಉಪಾಧ್ಯಾಯನಾಗಿದ್ದಾಗ, ಒಂದು ಮಧ್ಯಾಹ್ನ ಕಥನಗೀತೆಗಳ ಮಾತು ಬಂದು, ಪುಣ್ಯಕೋಟಿಯ ಕಥೆಯನ್ನು ಸ್ವಲ್ಪ ರಾಗವಾಗಿಯೇ ಹೇಳಿದೆ. ಹುಲಿಯು ಪ್ರಾಣ ಬಿಟ್ಟ ಭಾಗಕ್ಕೆ ಬಂದಾಗ ತರಗತಿ ನಿಶ್ಶಬ್ದವಾಗಿತ್ತು. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು, “ಅರ್ಭುತ ಯಾಕೆ ಸಾರ್ ಅಷ್ಟು ಹಸಿದಿದ್ದ? ಆ ಕಾಡಿನಲ್ಲಿ ಜಿಂಕೆ ಇರಲಿಲ್ಲವೇ?” ಎಂದು ಕೇಳಿದ.

ಮಕ್ಕಳು ನಕ್ಕರು. ನಾನು ನಗಲಿಲ್ಲ. ಹಿಂದಿನ ತಿಂಗಳಷ್ಟೇ ಆ ಹುಡುಗನ ಮನೆಯ ಕಡಸೊಂದನ್ನು ಹುಲಿ ಎಳೆದುಕೊಂಡು ಹೋಗಿತ್ತು. ಆತ ನಾಲ್ಕು ದಿನ ಶಾಲೆಗೆ ಬಂದಿರಲಿಲ್ಲ. ಬರುವ ವರ್ಷ ಆ ಕಡಸು ಕರು ಹಾಕಿ ಹಾಲು ಕೊಡಬೇಕಾಗಿತ್ತು, ಆ ಹಾಲಿನ ಹಣದಲ್ಲಿ ಅವನ ಅಕ್ಕನ ಕಾಲೇಜಿನ ಶುಲ್ಕ ಸಲ್ಲಬೇಕಾಗಿತ್ತು. ಇಷ್ಟು ದೊಡ್ಡ ಕಾಡನ್ನು ಬಿಟ್ಟು ನಮ್ಮ ಹಟ್ಟಿಗೇ ಏಕೆ ಬಂತು ಎಂಬುದು ಅವನ ಪ್ರಶ್ನೆ. ಹಾಡನ್ನು ನೆಪ ಮಾಡಿಕೊಂಡು ಕೇಳಿದ್ದ, ಅಷ್ಟೆ.

ನನ್ನಲ್ಲಿ ಉತ್ತರವಿರಲಿಲ್ಲ. ಛಂದಸ್ಸು ಕೇಳಿದರೆ ಹೇಳಬಲ್ಲೆ, ಸಂಧಿ ಬಿಡಿಸಬಲ್ಲೆ; ಜಿಂಕೆಯ ಲೆಕ್ಕ ನನಗೇನು ಗೊತ್ತು? ನಮ್ಮ ವಿಜ್ಞಾನದ ಮೇಷ್ಟರನ್ನು ಕೇಳಿದೆ, ಅವರು ಕೊಟ್ಟ ಪುಸ್ತಕಗಳನ್ನು ಕಷ್ಟಪಟ್ಟು ಓದಿದೆ. ಓದುತ್ತ ಹೋದಂತೆ, ಇದು ನಮ್ಮ ನಿಮ್ಮ ಮನೆಯ ಜಮಾಖರ್ಚಿನಂತೆಯೇ ಒಂದು ಲೆಕ್ಕವೆಂದು ತಿಳಿದು ಆಶ್ಚರ್ಯವಾಯಿತು. ಆ ಲೆಕ್ಕವನ್ನು ವಾಚಕ ಮಹಾಶಯರ ಮುಂದೆ ಬಿಚ್ಚಿಡುತ್ತೇನೆ.

ಈ ಶಾಸ್ತ್ರಕ್ಕೆ ಪಾಶ್ಚಾತ್ಯರು ಇಟ್ಟ ಹೆಸರೇ ಮನೆಗೆ ಸಂಬಂಧಿಸಿದ್ದು. 1866ರಲ್ಲಿ ಜರ್ಮನಿಯ ಅರ್ನ್ಸ್ಟ್ ಹೆಕೆಲ್ ಎಂಬ ಪ್ರಾಣಿಶಾಸ್ತ್ರಜ್ಞನು ಮನೆ ಎಂಬ ಅರ್ಥದ ಗ್ರೀಕ್ ಮಾತಿನಿಂದ ಆ ಪದವನ್ನು ಕಟ್ಟಿದನು. ಈಗ ನಾವು ಪರಿಸರ ವಿಜ್ಞಾನ ಎನ್ನುತ್ತೇವೆ. ನನ್ನನ್ನು ಕೇಳಿದ್ದರೆ ‘ಮನೆವಾರ್ತೆ’ ಎಂಬ ನಮ್ಮ ಅಚ್ಚ ಬಳಕೆಯ ಮಾತನ್ನೇ ಸೂಚಿಸುತ್ತಿದ್ದೆ; ಯಾರೂ ಕೇಳಲಿಲ್ಲ. ಇರಲಿ. 1935ರಲ್ಲಿ ಇಂಗ್ಲೆಂಡಿನ ಸಸ್ಯವಿಜ್ಞಾನಿ ಟಾನ್ಸ್ಲಿ ಎಂಬವರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಗಿಡ, ಪ್ರಾಣಿ, ಹುಳು, ಇವುಗಳನ್ನು ಮಾತ್ರ ಎಣಿಸಿದರೆ ಸಾಲದು. ಮಣ್ಣು, ನೀರು, ಗಾಳಿ, ಬಿಸಿಲು, ಎಲ್ಲವನ್ನೂ ಕೂಡಿಸಿ ಒಂದೇ ಯಂತ್ರವೆಂಬಂತೆ ನೋಡಬೇಕು ಎಂದರು. ಅದಕ್ಕೆ ಪರಿಸರ ವ್ಯವಸ್ಥೆ ಎಂದು ಹೆಸರಾಯಿತು. ಊರ ಮುಂದಿನ ಕೆರೆಯೂ ಒಂದು ಪರಿಸರ ವ್ಯವಸ್ಥೆಯೇ, ನಾಗರಹೊಳೆಯ ಕಾಡೂ ಒಂದು ಪರಿಸರ ವ್ಯವಸ್ಥೆಯೇ. ಅವಿಭಕ್ತ ಕುಟುಂಬದಲ್ಲಿ ಅಡಿಗೆಮನೆಯನ್ನು ಬಿಟ್ಟು ನಡುಮನೆಯನ್ನು ಮಾತ್ರ ನೋಡಿ ಸಂಸಾರ ಹೇಗೆ ನಡೆಯುತ್ತಿದೆ ಎಂದು ಹೇಳಲಾದೀತೇ? ಹಾಗೆ.

ನಾವೂ ಅಡಿಗೆಮನೆಯಿಂದಲೇ ಆರಂಭಿಸೋಣ. ಕಾಡಿನ ಅಡಿಗೆಯವನು ಹುಲ್ಲು. ಹುಲ್ಲನ್ನು ಜಿಂಕೆ ತಿನ್ನುತ್ತದೆ, ಜಿಂಕೆಯನ್ನು ಹುಲಿ ತಿನ್ನುತ್ತದೆ. ಕನ್ನಡದಲ್ಲಿ ಹುಲ್ಲು, ಹುಲ್ಲೆ, ಹುಲಿ ಎಂಬ ಮೂರು ಮಾತುಗಳು ಒಂದರ ಪಕ್ಕದಲ್ಲೊಂದು ಕುಳಿತಿರುವುದು ಎಷ್ಟು ಸೊಗಸು! ಹಳಗನ್ನಡದಲ್ಲಿ ಪುಲ್, ಪುಲ್ಲೆ, ಪುಲಿ. ಇವುಗಳಿಗೆ ಮೂಲ ಒಂದೇ ಎಂದು ನಾನು ಹೇಳುತ್ತಿಲ್ಲ. ಶಬ್ದಸಾಮ್ಯವನ್ನು ನಂಬಿ ಹೊರಟವರು ಮುಗ್ಗರಿಸುವುದೇ ಹೆಚ್ಚು. ಹುಲ್ಲೆ ಎಂದರೆ ಬಯಲಿನ ಕೃಷ್ಣಮೃಗವೇ ಹೊರತು ಕಾಡಿನ ಚುಕ್ಕೆಜಿಂಕೆಯಲ್ಲ ಎಂದು ಬಲ್ಲವರು ಆಕ್ಷೇಪಿಸಬಹುದು, ಅದೂ ಸರಿಯೇ. ಆದರೂ ಮಕ್ಕಳಿಗೆ ಆಹಾರ ಸರಪಳಿ ಎಂಬುದನ್ನು ತಿಳಿಸಲು ಇದಕ್ಕಿಂತ ಒಳ್ಳೆಯ ಬಾಯಿಪಾಠ ನನಗೆ ಸಿಕ್ಕಿಲ್ಲ.

ಸರಪಳಿಯ ಒಂದು ಕೊಂಡಿಯಿಂದ ಇನ್ನೊಂದಕ್ಕೆ ಸಾಗುವುದು ಏನು? ಸೂರ್ಯನ ಶಕ್ತಿ. ಹುಲ್ಲಿನ ಮೇಲೆ ಬಿದ್ದ ಬಿಸಿಲೆಲ್ಲ ಹುಲ್ಲಾಗುವುದಿಲ್ಲ. ಸ್ಥೂಲವಾಗಿ ನೂರಕ್ಕೆ ಒಂದು ಪಾಲು ಮಾತ್ರ ಎಲೆಯಲ್ಲಿ ಸೆರೆಯಾಗಿ ಆಹಾರವಾಗುತ್ತದೆ. ಬೆಳೆದ ಹುಲ್ಲಿನಲ್ಲಿ ಜಿಂಕೆಯ ಬಾಯಿಗೆ ಬೀಳುವುದು ಒಂದು ಭಾಗ. ಉಳಿದದ್ದು ಗೆದ್ದಲಿಗೆ, ಬೇಸಗೆಯ ಬೆಂಕಿಗೆ, ಮಣ್ಣಿಗೆ. ತಿಂದದ್ದರಲ್ಲಿ ಸ್ವಲ್ಪ ಹಿಕ್ಕೆಯಾಗಿ ಹೊರಕ್ಕೆ ಹೋಗುತ್ತದೆ. ಜೀರ್ಣವಾದದ್ದರಲ್ಲಿ ಬಹುಪಾಲು ಓಡಾಟಕ್ಕೂ ಉಸಿರಾಟಕ್ಕೂ ಮೈಯನ್ನು ಬೆಚ್ಚಗಿಡುವುದಕ್ಕೂ ಖರ್ಚು. ಚಳಿಗಾಲದ ಬೆಳಗ್ಗೆ ಕೊಟ್ಟಿಗೆಗೆ ಹೋಗಿ ಹಸುವಿನ ಪಕ್ಕೆಯ ಮೇಲೆ ಕೈಯಿಟ್ಟು ನೋಡಿ. ಆ ಬಿಸುಪು ನಿನ್ನೆಯ ಹುಲ್ಲು. ನಿಮ್ಮ ಕೈಗೂ ಗಾಳಿಗೂ ಹಂಚಿ ಹೋಗುತ್ತಿದೆ. ಅದನ್ನು ಹಿಡಿದು ತಂದು ಮತ್ತೆ ಹುಲ್ಲು ಮಾಡಲು ಯಾವ ದೇವರಿಂದಲೂ ಆಗದು. ಹೀಗೆ ಎಲ್ಲ ಖರ್ಚೂ ಕಳೆದು ಜಿಂಕೆ, ದನ, ಹುಲಿ ಮುಂತಾದ ಬಿಸಿರಕ್ತದ ಪ್ರಾಣಿಗಳಲ್ಲಿ ಹೊಸ ಮಾಂಸವಾಗಿ ಉಳಿಯುವುದು ಅರಗಿಸಿಕೊಂಡದ್ದರಲ್ಲಿ ನೂರಕ್ಕೆ ಎರಡು ಮೂರು ಪಾಲು ಮಾತ್ರ. ಮೀನು, ಹುಳು, ಕಪ್ಪೆಗಳು ಮೈ ಕಾಯಿಸಿಕೊಳ್ಳುವ ದುಂದುಗಾರಿಕೆಗೆ ಹೋಗವಾದ್ದರಿಂದ ಅವುಗಳಲ್ಲಿ ಹೆಚ್ಚು ಉಳಿಯುತ್ತದೆ.

ಈ ಸೋರಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಅಳೆದು ತೋರಿಸಿದವರು ಅಮೆರಿಕದ ರೇಮಂಡ್ ಲಿಂಡ್ಮನ್. ಮಿನೆಸೋಟ ಸಂಸ್ಥಾನದ ಸೀಡರ್ ಬಾಗ್ ಎಂಬ ಪುಟ್ಟ ಜೌಗು ಕೆರೆಯ ಪಾಚಿ, ಹುಳ, ಮೀನುಗಳನ್ನು ಐದು ವರ್ಷ ತೂಗಿ ಅಳೆದು, ಬಿಸಿಲಿನ ಶಕ್ತಿ ಒಂದೊಂದು ಮೆಟ್ಟಿಲಿಗೂ ಎಷ್ಟೆಷ್ಟು ಏರುತ್ತದೆ ಎಂದು ಲೆಕ್ಕ ಹಾಕಿದರು. ಪತ್ರಿಕೆಗೆ ಕಳಿಸಿದ ಲೇಖನವನ್ನು ಪರಿಶೀಲಿಸಿದ ಇಬ್ಬರು ಹಿರಿಯರು, ಇದರಲ್ಲಿ ಊಹೆ ಹೆಚ್ಚಾಯಿತು, ಅಚ್ಚಿಗೆ ಬೇಡ ಎಂದರು. ಗುರುಗಳಾಗಿದ್ದ ಹಚಿನ್ಸನ್ನರು ಹಟ ಹಿಡಿದು ಒಪ್ಪಿಸಿದರು. ಲೇಖನ 1942ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಲಿಂಡ್ಮನ್ ಅದನ್ನು ನೋಡಲಿಲ್ಲ. ಯಕೃತ್ತಿನ ಬೇನೆಯಿಂದ ಜೂನ್ ತಿಂಗಳಲ್ಲಿಯೇ ತೀರಿಕೊಂಡಿದ್ದರು, 27 ವರ್ಷವೂ ತುಂಬಿರಲಿಲ್ಲ. ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಸುಮಾರು ಹತ್ತರಲ್ಲೊಂದು ಪಾಲು ಎಂದು ಇಂದು ಶಾಲೆಯ ಪುಸ್ತಕಗಳಲ್ಲಿ ಬರುವ ಒರಟು ಸೂತ್ರ ಇಂಥ ಅಳತೆಗಳಿಂದಲೇ ಬೆಳೆದದ್ದು. ಎಲ್ಲ ಕಡೆಯೂ ಅದು ಸರಿಯಾಗಿ ಹತ್ತರಲ್ಲೊಂದೇ ಆಗಿರುವುದಿಲ್ಲ, ಹೆಚ್ಚೂ ಇರುತ್ತದೆ, ಕಡಿಮೆಯೂ ಇರುತ್ತದೆ.

ಒಂದು ಭೇದವನ್ನು ಇಲ್ಲಿಯೇ ಗುರುತಿಸಿಕೊಳ್ಳುವುದು ಮೇಲು. ಶಕ್ತಿ ಒಮ್ಮುಖವಾಗಿ ಹರಿದು ಹೋಗುತ್ತದೆ, ದ್ರವ್ಯ ಹಾಗಲ್ಲ. ಹಿಕ್ಕೆಯನ್ನು ಸಗಣಿಹುಳು ಉರುಳಿಸಿ ಮಣ್ಣಿಗಿಡುತ್ತದೆ, ಒಣಗಿದ ಎಲೆಯನ್ನು ಗೆದ್ದಲು ಅರೆಯುತ್ತದೆ, ಸತ್ತ ಮೈಯನ್ನು ಕಣ್ಣಿಗೆ ಕಾಣದ ಅಣುಜೀವಿಗಳು ಬಿಡಿಸಿ ಹಾಕುತ್ತವೆ. ರಂಜಕ, ಸಾರಜನಕ, ಸುಣ್ಣ ಎಲ್ಲವೂ ಬೇರಿನ ಮೂಲಕ ಹುಲ್ಲಿಗೆ ಮರಳುತ್ತವೆ. ಪಾತ್ರೆಗಳನ್ನು ತೊಳೆದು ತೊಳೆದು ಮತ್ತೆ ಬಳಸಬಹುದು. ಒಲೆಯಲ್ಲಿ ಉರಿದ ಸೌದೆಯನ್ನು ಇನ್ನೊಮ್ಮೆ ಉರಿಸಲಾಗದು. ಕಾಡಿನ ಒಲೆಗೆ ದಿನ ಬೆಳಗಾದರೆ ಸೂರ್ಯನೇ ಹೊಸ ಸೌದೆ ಹಾಕಬೇಕು.

ಈಗ ಹುಲಿಗೆ ಬರೋಣ. ಹುಲಿಯೊಂದಕ್ಕೆ ವರ್ಷಕ್ಕೆ ಎಷ್ಟು ಆಹಾರ ಬೇಕು? ಇದನ್ನು ಊಹಿಸದೆ ಕಾಡಿನಲ್ಲಿ ಕಂಡು ಹಿಡಿದವರು ನಮ್ಮವರೇ ಆದ ಉಲ್ಲಾಸ ಕಾರಂತರು. ಶಿವರಾಮ ಕಾರಂತರ ಮಗ. ಓದಿದ್ದು ಇಂಜಿನಿಯರಿಂಗ್, ಹಿಡಿದದ್ದು ಹುಲಿಯ ಜಾಡು. ಒಂದು ಹುಲಿಯ ಪಟ್ಟೆಯಂತೆ ಇನ್ನೊಂದರ ಪಟ್ಟೆ ಇರುವುದಿಲ್ಲವಾದ್ದರಿಂದ, ಕಾಡಿನ ದಾರಿಗಳಲ್ಲಿ ತಾನಾಗಿ ಚಿತ್ರ ತೆಗೆಯುವ ಕ್ಯಾಮರಾ ಕಟ್ಟಿ ಹುಲಿಗಳನ್ನು ಒಂದೊಂದಾಗಿ ಗುರುತಿಸುವ ಕ್ರಮವನ್ನು ನಾಗರಹೊಳೆಯಲ್ಲಿ ಬೆಳೆಸಿದರು. ಜಿಂಕೆ, ಕಡವೆ, ಕಾಟಿ, ಹಂದಿಗಳನ್ನು ಗೆರೆ ಹಿಡಿದು ನಡೆದು ಎಣಿಸಿದರು. ಇವರ ಮತ್ತು ಸಂಗಡಿಗರ ಕೆಲಸದಿಂದ ತಿಳಿದದ್ದು ಇಷ್ಟು: ಹುಲಿ ವರ್ಷಕ್ಕೆ ಸುಮಾರು 50 ಗೊರಸಿನ ಪ್ರಾಣಿಗಳನ್ನು ಕೊಲ್ಲುತ್ತದೆ, ವಾರಕ್ಕೆ ಒಂದು ಎನ್ನಿ. ಅದು ಕಾಡಿನ ಒಟ್ಟು ಗೊರಸಿನ ಪ್ರಾಣಿಗಳಲ್ಲಿ ಹತ್ತರಲ್ಲೊಂದು ಪಾಲು. (ಮೇಲೆ ಹೇಳಿದ ಶಕ್ತಿಯ ಹತ್ತರಲ್ಲೊಂದಕ್ಕೂ ಇದಕ್ಕೂ ಗೊಂದಲ ಬೇಡ, ಅಂಕಿ ಒಂದೇ ಆದದ್ದು ಆಕಸ್ಮಿಕ.) ಉಳಿದ ಮರಿಗಳಲ್ಲಿ ಚಿರತೆಗೆ, ಕಾಡುನಾಯಿಗೆ, ಕಾಯಿಲೆಗೆ, ಬರಕ್ಕೆ ಬೇರೆ ಬೇರೆ ಪಾಲುಂಟು. ಆದ್ದರಿಂದ ಒಂದು ಹುಲಿ ನೆಮ್ಮದಿಯಾಗಿ ಬದುಕಬೇಕಾದರೆ ಅದರ ಹಿಂದೆ 500 ಪ್ರಾಣಿಗಳ ಮಂದೆ ಇರಬೇಕು. 50 ಎಂಬುದು ಬಡ್ಡಿ, 500 ಎಂಬುದು ಅಸಲು. ಬಡ್ಡಿಯಲ್ಲಿ ಊಟ ಮಾಡಿದವನು ತಲೆತಲಾಂತರ ಉಣ್ಣುತ್ತಾನೆ.

ಆ 500ನ್ನೂ ಚುಕ್ಕೆಜಿಂಕೆಗಳೆಂದೇ ಇಟ್ಟುಕೊಂಡು ನಮ್ಮ ಮಕ್ಕಳ ಕೈಯಲ್ಲಿ ಕಪ್ಪು ಹಲಗೆಯ ಮೇಲೆ ಲೆಕ್ಕ ಮಾಡಿಸಿದೆ. ಜಿಂಕೆಯೊಂದಕ್ಕೆ ದಿನಕ್ಕೆ ಕಡೆಯ ಪಕ್ಷ 1 ಕಿಲೋಗ್ರಾಂ ಒಣಮೇವು ಎಂದರೂ 500 ಜಿಂಕೆಗೆ ವರ್ಷಕ್ಕೆ 1,82,500 ಕಿಲೋಗ್ರಾಂ ಆಯಿತು. ಹತ್ತು ಟನ್ನಿನ ಲಾರಿಯಲ್ಲಿ 18 ಲಾರಿ ಹುಲ್ಲು. ಜಿಂಕೆಗೆ 50 ಕಿಲೋಗ್ರಾಂನಂತೆ ಮಂದೆಯ ತೂಕ 25,000 ಕಿಲೋಗ್ರಾಂ. ಇಷ್ಟೆಲ್ಲದರ ತುದಿಯಲ್ಲಿ ಕುಳಿತಿರುವುದು 200 ಕಿಲೋಗ್ರಾಂ ತೂಗುವ ಒಂದೇ ಒಂದು ಹುಲಿ! ಸಂಸ್ಕೃತದಲ್ಲಿ ಮೃಗ ಎಂದರೆ ಜಿಂಕೆಯೂ ಹೌದು, ಕಾಡುಪ್ರಾಣಿಯೂ ಹೌದು. ಮೃಗರಾಜ ಎಂದು ಕವಿಗಳು ಯಾರನ್ನೇ ಕರೆಯಲಿ, ರಾಜನ ಸಂಖ್ಯೆಯನ್ನು ನಿರ್ಧರಿಸುವುದು ಪ್ರಜೆಗಳ ಸಂಖ್ಯೆ, ಪ್ರಜೆಗಳ ಸಂಖ್ಯೆಯನ್ನು ನಿರ್ಧರಿಸುವುದು ಹುಲ್ಲು.

ಇದು ಬರಿಯ ಹಲಗೆಯ ಲೆಕ್ಕವಲ್ಲ. 2004ರಲ್ಲಿ ಕಾರಂತರೂ ಸಂಗಡಿಗರೂ ಪ್ರಕಟಿಸಿದ ಅಧ್ಯಯನದಲ್ಲಿ, ನಾಗರಹೊಳೆಯಲ್ಲಿ ಒಂದು ಚದರ ಕಿಲೋಮೀಟರಿಗೆ 50ಕ್ಕೂ ಹೆಚ್ಚು ಗೊರಸಿನ ಪ್ರಾಣಿಗಳಿದ್ದವು. 100 ಚದರ ಕಿಲೋಮೀಟರಿಗೆ ಹುಲಿಗಳು ಸುಮಾರು 12. ಚಿಕ್ಕಮಗಳೂರು ಕಡೆಯ ಭದ್ರಾ ಅರಣ್ಯದಲ್ಲಿ ಪ್ರಾಣಿಗಳು ಸುಮಾರು 17, ಹುಲಿಗಳು ಮೂರೂವರೆಯಷ್ಟು. ನೀವೇ 17ನ್ನು ನೂರರಿಂದ ಗುಣಿಸಿ 500ರಿಂದ ಭಾಗಿಸಿ ನೋಡಿ. ಎರಡು ಕಡೆಯೂ ಮರಗಳಿಗೇನೂ ಕೊರತೆಯಿರಲಿಲ್ಲ. ರಸ್ತೆಯಲ್ಲಿ ಬಸ್ಸಿನಿಂದ ನೋಡಿದವನಿಗೆ ಎರಡೂ ಹಸುರು ಕಾಡೇ.

ಹುಲಿ ಹೀಗೆ ಜಿಂಕೆಗಳನ್ನು ತಿನ್ನುತ್ತಲೇ ಇದ್ದರೆ ಜಿಂಕೆಯ ಗತಿಯೇನು, ಹುಲಿಯೇ ಇಲ್ಲದಿದ್ದರೆ ಅವು ಸುಖವಾಗಿರುತ್ತಿದ್ದವಲ್ಲವೇ ಎಂದು ತರಗತಿಯಲ್ಲಿ ಒಬ್ಬ ಹುಡುಗಿ ಕೇಳಿದಳು. ನಮ್ಮ ಕಾಡುಗಳಲ್ಲಿ ಇದಕ್ಕೆ ಉತ್ತರ ಸಿಗದು. ತಿನ್ನುವವರೇ ಇಲ್ಲದ ಜಾಗವನ್ನು ಹುಡುಕಬೇಕು. ಅಂಥ ಒಂದು ದ್ವೀಪ ಅಲಾಸ್ಕದ ಬಳಿ ಬೇರಿಂಗ್ ಸಮುದ್ರದಲ್ಲಿದೆ, ಹೆಸರು ಸೇಂಟ್ ಮ್ಯಾಥ್ಯೂ. ಎರಡನೆಯ ಮಹಾಯುದ್ಧದ ಸಮಯ, 1944ರಲ್ಲಿ, ಅಲ್ಲಿನ ಠಾಣ್ಯದವರಿಗೆ ಕಷ್ಟಕಾಲದಲ್ಲಿ ಆಹಾರಕ್ಕಿರಲಿ ಎಂದು ಅಮೆರಿಕದ ಕರಾವಳಿ ಕಾವಲು ಪಡೆಯವರು 29 ಹಿಮಸಾರಂಗಗಳನ್ನು ತಂದು ಬಿಟ್ಟರು. ಯುದ್ಧ ಮುಗಿದು ಜನ ಹೊರಟುಹೋದರು, ಸಾರಂಗಗಳು ಉಳಿದವು. ತೋಳವಿಲ್ಲ, ಬೇಟೆಗಾರನಿಲ್ಲ, ನೆಲದ ತುಂಬ ಮೆತ್ತೆಯಂತೆ ಬೆಳೆದ ಕಲ್ಲುಹೂವು. 1957ರಲ್ಲಿ ಡೇವಿಡ್ ಕ್ಲೈನ್ ಎಂಬ ವಿಜ್ಞಾನಿ ಹೋಗಿ ಎಣಿಸಿದಾಗ 1,350 ಆಗಿದ್ದವು. 1963ರಲ್ಲಿ 6,000! ಚಕ್ರಬಡ್ಡಿಯ ಲೆಕ್ಕ ಬಲ್ಲವರು ನೋಡಿ, ವರ್ಷಕ್ಕೆ ನೂರಕ್ಕೆ ಮೂವತ್ತರ ಮೇಲೆ ಬಿತ್ತು. ಆದರೆ ಕಲ್ಲುಹೂವು ಬೆಳೆಯುವುದು ಬಹು ನಿಧಾನ. ಅಷ್ಟು ಹೊತ್ತಿಗೆ ಅದು ತುಳಿದು ಸವೆದು ಹೋಗಿತ್ತು. 1963-64ರ ಚಳಿಗಾಲ ಬೇರೆ ಕ್ರೂರವಾಗಿ ಬಂತು. 1966ರಲ್ಲಿ ಕ್ಲೈನ್ ಮತ್ತೆ ಹೋದಾಗ ನೆಲದ ಮೇಲೆ ಎಲುಬುಗಳು ಹರಡಿದ್ದವು. ಬದುಕಿದ್ದವು 42. ಅವುಗಳಲ್ಲಿ ಗಂಡು ಒಂದೇ, ಅದೂ ಮರಿ ಹುಟ್ಟಿಸಲಾರದ್ದು. ಮುಂದೆ ಆ ಸಂತತಿಯೇ ಅಳಿಯಿತು.

ಒಂದು ನೆಲ ಎಷ್ಟು ಬಾಯಿಗಳನ್ನು ಸಾಕಬಲ್ಲದೋ ಅದಕ್ಕೆ ಆ ನೆಲದ ಧಾರಣಶಕ್ತಿ ಎಂದು ಹೆಸರು. ಅದನ್ನು ಮೀರಿದ ಮೇಲೆ ಸಂಖ್ಯೆ ನಿಧಾನವಾಗಿ ಇಳಿಯುತ್ತದೆ ಎಂದುಕೊಳ್ಳಬೇಡಿ. ಕೆಲವು ವೇಳೆ ಗೋಡೆ ಕುಸಿದಂತೆ ಕುಸಿಯುತ್ತದೆ. ನಮ್ಮ ಅಂಡಮಾನ್ ದ್ವೀಪಗಳಲ್ಲಿಯೂ ಬ್ರಿಟಿಷರ ಕಾಲದಲ್ಲಿ ಬಿಟ್ಟ ಚುಕ್ಕೆಜಿಂಕೆಗಳು ಹುಲಿ ಚಿರತೆಗಳಿಲ್ಲದೆ ಹೆಚ್ಚಿಕೊಂಡು, ಕಾಡಿನ ಎಳೆ ಸಸಿಗಳನ್ನು ಮೇಲೇಳಗೊಡದೆ ಮೇಯುತ್ತಿವೆ.

ಹುಡುಗನ ಪ್ರಶ್ನೆಗೆ ಹಿಂದಿರುಗೋಣ. ಕಾಡಿನಲ್ಲಿ ಜಿಂಕೆ ಇರಲಿಲ್ಲವೇ? ಇಲ್ಲದಂತಾಗುವುದು ಹೇಗೆ ಎಂದು ಕೇಳಿದರೆ, ಕಾಡು ಕಡಿಯುವುದೊಂದೇ ದಾರಿಯಲ್ಲ. ಬೈಕಿನ ಕ್ಲಚ್ಚಿನ ತಂತಿಯಿಂದ ಮಾಡಿದ ಉರುಲು ಸದ್ದಿಲ್ಲದೆ ಜಿಂಕೆಗಳನ್ನು ಹಿಡಿಯುತ್ತದೆ. ಅದನ್ನು ಒಡ್ಡಿದವನು ಹುಲಿಯ ಮೇಲೆ ಕೈಯೆತ್ತದೆ ಇದ್ದರೂ, ಐನೂರರಲ್ಲಿ ಇನ್ನೂರು ಹೋದರೆ ಹುಲಿಯ ಅನ್ನ ಹೋಯಿತು. ಕಾಯಿಲೆ ಇನ್ನೊಂದು. 1968ರಲ್ಲಿ ದನಗಳ ದೊಡ್ಡರೋಗ ಬಂಡೀಪುರದ ಕಡೆಯ ಕಾಡಿಗೆ ಹೊಕ್ಕು ಕಾಟಿಗಳ ಹಿಂಡು ಹಿಂಡನ್ನೇ ಕೆಡವಿತು. ಆ ರೋಗವನ್ನು 2011ರಲ್ಲಿ ಇಡೀ ಭೂಮಂಡಲದಿಂದ ಅಳಿಸಿದರೆಂಬುದು ನಮ್ಮ ಪಶುವೈದ್ಯರೂ ಸೇರಿ ಮಾಡಿದ ದೊಡ್ಡ ಕಾರ್ಯ. ಅದರ ಕೀರ್ತಿ ಅವರಿಗೆ ಸಿಕ್ಕಿದ್ದು ಸಾಲದು ಎಂದು ನನ್ನ ಅಭಿಪ್ರಾಯ.

ಮೂರನೆಯದು ಲಂಟಾನ. ಹೂವು ಚೆನ್ನಾಗಿದೆಯೆಂದು 19ನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷರು ತಂದ ಅಮೆರಿಕದ ಗಿಡ, ತೋಟದ ಬೇಲಿ ಹಾರಿ ಕಾಡು ಹೊಕ್ಕಿತು. ಅದರ ಎಲೆ ದನಕ್ಕೆ ವಿಷ, ಜಿಂಕೆಗೆ ಬೇಡ. ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಅದು ಪೊದೆಯಾಗಿ ಬೆಳೆದ ಜಾಗದಲ್ಲಿ ಹುಲ್ಲು ತಲೆಯೆತ್ತುವುದಿಲ್ಲ. ಬಿಸಿಲು ಅಷ್ಟೇ ಬೀಳುತ್ತದೆ, ಮಳೆ ಅಷ್ಟೇ ಸುರಿಯುತ್ತದೆ. ಸೆರೆಯಾದ ಶಕ್ತಿ ಮಾತ್ರ ಯಾರ ಹೊಟ್ಟೆಗೂ ಹೋಗದ ಎಲೆಯಲ್ಲಿ ಕುಳಿತಿರುತ್ತದೆ. ಹಿಂದೆ ತಾವು ಬೇಸಗೆಗೆ ಮೊದಲೇ ಹಾಕುತ್ತಿದ್ದ ಹಗುರವಾದ ತರಗು ಬೆಂಕಿ ನಿಂತ ಮೇಲೆ ಇದು ಹಬ್ಬಿತು ಎಂದು ಸೋಲಿಗ ಹಿರಿಯರು ಹೇಳುತ್ತಾರೆ. ಕಾಡಿನ ಮನೆವಾರ್ತೆ ನೋಡಿಕೊಂಡವರ ಮಾತು, ತಳ್ಳಿಹಾಕತಕ್ಕದ್ದಲ್ಲ.

ನಾಲ್ಕನೆಯದನ್ನು ಹೇಳಲು ನನಗೆ ಸಂಕೋಚ. ಆ ಹುಡುಗನ ಕಡಸೂ ಕಾಡಿನಂಚಿನ ಹುಲ್ಲನ್ನೇ ಮೇಯುತ್ತಿತ್ತು. ಊರ ಗೋಮಾಳ ಯಾವಾಗಲೋ ಹೊಲವಾಗಿ ಹೋಗಿದೆ. ಬಡವನ ದನ ಇನ್ನೆಲ್ಲಿಗೆ ಹೋಗಬೇಕು? ಆದರೆ ಲೆಕ್ಕ ಯಾರ ಬಡತನವನ್ನೂ ನೋಡುವುದಿಲ್ಲ. ಜಿಂಕೆಗೆ ಹೋಗಬೇಕಾಗಿದ್ದ ಹುಲ್ಲು ದನವಾದಾಗ, ಹುಲ್ಲನ್ನು ಹಿಂಬಾಲಿಸಿ ಬರುವ ಹುಲಿ ದನದ ಹತ್ತಿರ ಬರುತ್ತದೆ. ಬೇಸಗೆಯಲ್ಲಿ ಕಬಿನಿ ಜಲಾಶಯದ ನೀರು ಇಳಿದು ಹೊಸ ಹುಲ್ಲು ಚಿಗುರಿದಾಗ ಆನೆ, ಜಿಂಕೆ, ಕಾಟಿಗಳೆಲ್ಲ ಅಲ್ಲಿಗೆ ಇಳಿಯುವುದನ್ನು ಪ್ರವಾಸಕ್ಕೆ ಹೋದವರು ಕಂಡಿರಬಹುದು. ಅವುಗಳ ಹಿಂದೆಯೇ ಹುಲಿ. ಅಲ್ಲಿ ಅದನ್ನು ನೋಡಲು ನಾವು ಹಣ ಕೊಟ್ಟು ಕುಳಿತಿರುತ್ತೇವೆ. ಹಟ್ಟಿಯ ಬಾಗಿಲಲ್ಲಿ ಅದೇ ಕೆಲಸ ಮಾಡಿದರೆ ಹುಲಿ ಕೆಟ್ಟಿತು ಎನ್ನುತ್ತೇವೆ.

ಇನ್ನೊಂದು ಸಂಗತಿಯನ್ನು ಬಿಟ್ಟರೆ ಉತ್ತರ ಅರೆಯಾಗುತ್ತದೆ. ಕಾಡು ಚೆನ್ನಾಗಿದ್ದರೂ ಹುಲಿ ಹೊರಕ್ಕೆ ಬರುವುದುಂಟು. 2022ರ ಗಣತಿಯಲ್ಲಿ ಕರ್ನಾಟಕದ ಹುಲಿಗಳ ಸಂಖ್ಯೆ 563 ಎಂದು ರೇಡಿಯೋ ವಾರ್ತೆಯಲ್ಲಿ ನೀವು ಕೇಳಿರಬಹುದು. ಹೆಣ್ಣು ಹುಲಿ ಒಂದು ಸೂಲಿಗೆ ಎರಡು ಮೂರು ಮರಿ ಹಾಕುತ್ತದೆ. ಮರಿಗಳು ಎರಡು ವರ್ಷದ ಹೊತ್ತಿಗೆ ತಾಯಿಯನ್ನು ಬಿಟ್ಟು ತಮ್ಮದೇ ಸೀಮೆ ಹುಡುಕಬೇಕು. ಒಂದೊಂದು 500ರ ಮಂದೆಗೂ ಆಗಲೇ ಒಬ್ಬ ಒಡೆಯನಿದ್ದರೆ, ಎಳೆಯ ಹುಲಿಗೆ ಉಳಿಯುವುದು ಕಾಡಿನ ಅಂಚು. ಮುದಿಯಾಗಿ, ಗಾಯಗೊಂಡು ಸೀಮೆ ಕಳೆದುಕೊಂಡ ಹುಲಿಗೂ ಅಂಚೇ ಗತಿ. ಅರ್ಭುತನೂ ಇಂಥವರಲ್ಲಿ ಒಬ್ಬನಾಗಿದ್ದಿರಬೇಕು ಎಂದು ನಾನು ಆ ಹುಡುಗನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ನಮ್ಮ ಕಡಸನ್ನು ಹಿಡಿದದ್ದು ಮುದಿಯದೋ ಎಳೆಯದೋ ಸಾರ್?” ಎಂದ. ಹೆಜ್ಜೆ ನೋಡಿದವರು ಎಳೆಯದು ಎಂದಿದ್ದರು.

ಆ ವರ್ಷ ಮಳೆಗಾಲದ ಹೊತ್ತಿಗೆ ಅವರ ಮನೆಯಲ್ಲಿ ಹಿತ್ತಿಲಿನಲ್ಲಿಯೇ ಮೇವಿನ ಹುಲ್ಲು ಹಾಕಿ, ಉಳಿದ ಹಸುವನ್ನು ಕಾಡಿಗೆ ಹೊಡೆಯದೆ ಕಟ್ಟಿ ಮೇಯಿಸತೊಡಗಿದರು. ಹುಲ್ಲು ಕೊಯ್ದು ತರುವ ಕೆಲಸ ಹುಡುಗನ ಪಾಲಿಗೆ ಬಿತ್ತು. ಬೆಳಗಿನ ಮೊದಲ ಪಾಠಕ್ಕೆ ಅವನು ಬಹಳ ದಿನ ತಡವಾಗಿಯೇ ಬರುತ್ತಿದ್ದ. ನಾನು ಹಾಜರಿ ಹಾಕುತ್ತಿದ್ದೆ.